ಜಗ್ಲಿಂಗ್ ಕಲಿಯೋಕೆ ರಾಗಿ ಚೆಂಡು

ಮೂರು ಚೆಂಡಿನ ಜಗ್ಲಿಂಗ್ (ಚೆಂಡುಗಳನ್ನ ಒಂದರ ಹಿಂದೊಂದು ಮೇಲೆ ಎಸೆದು ಹಿಡಿಯೋ ಆಟ) ಶುರು ಮಾಡಿದ್ದರೆ ಟೆನಿಸ್ ಬಾಲ್ ಪಕ್ಕಕ್ಕಿಡಿ. ಹಳೇ ಕಾಲುಚೀಲದ ತುದಿಗೆ 100-120 ಗ್ರಾಂ ರಾಗಿ ತುಂಬಿ, ಬಿಗಿಯಾಗಿ ಗಂಟು ಹಾಕಿ, ಉಳಿದ ಬಟ್ಟೆಯನ್ನ ಅದರ ಮೇಲೇ ಮಗುಚಿ ಹೊಲಿದುಬಿಡಿ. ಮೂರೂ ಒಂದೇ ತೂಕ ಇರಲಿ. ಆಮೇಲೆ ಮೊಣಕಾಲು ಮಂಚಕ್ಕೆ ತಾಗೋ ಹಾಗೆ ನಿಂತು ಎಸೆಯಿರಿ. ರಾಗಿ ಚೆಂಡು ಅಂಗೈಗೆ ಬಿದ್ದರೆ ಪುಟಿಯಲ್ಲ, ಹಾಸಿಗೆ ಮೇಲೆ ಬಿದ್ದರೆ ಉರುಳಲ್ಲ. ಸೋಫಾ ಕೆಳಗೆ ತಡಕಾಡೋ ಹೊತ್ತೆಲ್ಲ ಅಭ್ಯಾಸಕ್ಕೆ ಸಿಗುತ್ತೆ. ಹೊಸಬರು ಚೆಂಡನ್ನ ಮುಂದಕ್ಕೆ ಎಸೆದು ಅದರ ಹಿಂದೆಯೇ ನಡೆಯೋದು ಸಾಮಾನ್ಯ, ಅದಕ್ಕೂ ಮಂಚ ಅಡ್ಡ ನಿಲ್ಲುತ್ತೆ. ಆದರೆ ಎರಡನೇ ಚೆಂಡನ್ನ ಮೇಲೆ ಎಸೆಯದೆ ಕೈಯಿಂದ ಕೈಗೆ ಅಡ್ಡಕ್ಕೆ ದಾಟಿಸೋ ಚಾಳಿ ಇದರಿಂದ ಹೋಗಲ್ಲ. ಅದಕ್ಕೆ ಎರಡೇ ಚೆಂಡು ಹಿಡಿದು, ಮೊದಲನೇದು ಕಣ್ಣಿನ ಎತ್ತರಕ್ಕೆ ಹೋಗಿ ಇನ್ನೇನು ಇಳೀಬೇಕು ಅನ್ನುವಾಗ ಎರಡನೇದನ್ನ ಅದರ ಕೆಳಗಿಂದ, ಅಷ್ಟೇ ಎತ್ತರಕ್ಕೆ ಎಸೆಯಿರಿ. ಆಣೆಕಲ್ಲು (ಕಲ್ಲು ಎಸೆದು ಹಿಡಿಯೋ ಆಟ) ಆಡಿದ ಕೈಗೆ ಇದು ಮೊದಮೊದಲು ಕಸಿವಿಸಿ: ಅಲ್ಲಿ ಎಸೆದ ಕೈಯೇ ಹಿಡಿಯುತ್ತೆ, ಇಲ್ಲಿ ಇನ್ನೊಂದು ಕೈ. ತೆಳು ನೈಲಾನ್ ಕಾಲುಚೀಲವಾದರೆ ರಾಗಿ ಸೋರುತ್ತೆ, ಎರಡು ಪದರ ಹಾಕಿ. ಅಕ್ಕಿನೂ ನಡೆಯುತ್ತೆ, ಆದರೆ ಹುಳ ಹಿಡಿಯುತ್ತೆ. ರಾಗಿ ಒದ್ದೆಯಾದರೆ ಮಾತ್ರ ಬಿಚ್ಚಿ ಒಣಗಿಸಿ, ಇಲ್ಲಾಂದ್ರೆ ಒಳಗೇ ಮೊಳಕೆ ಬರುತ್ತೆ.