ಬೀಡು ಕಬ್ಬಿಣದ ಒಳಬಿಗಿತ ಬಿಡಿಸುವುದು ಹೇಗೆ?

ಹೊಸದಾಗಿ ಎರಕ ಹೊಯ್ದ ಲೇಥ್ ಬೆಡ್ಡನ್ನು (ಲೇಥ್ ಯಂತ್ರದ ಉದ್ದನೆಯ ತಳಭಾಗ) ಪ್ಲೇನರ್ (ಲೋಹದ ಮೇಲ್ಮೈ ಕತ್ತರಿಸುವ ಯಂತ್ರ) ಮೇಲೆ ಕಟ್ಟಿ, ಡಯಲ್ ಗೇಜಿನ ಮುಳ್ಳು ಅಲುಗದಷ್ಟು ಮಟ್ಟಸವಾಗಿ ಕತ್ತರಿಸಿ, ಕ್ಲಾಂಪುಗಳನ್ನು ಸಡಿಲಿಸಿದೊಡನೆ ಅದು ಬಾಗಿಬಿಡುವುದುಂಟು. ಕೆಲವು ಬೆಡ್ಡುಗಳು ಆಗ ಏನೂ ತೋರದೆ, ಯಂತ್ರ ಗಿರಾಕಿಯ ಶೆಡ್ಡು ಸೇರಿ ಕೆಲವು ತಿಂಗಳು ಕಳೆದ ಮೇಲೆ ನಿಧಾನವಾಗಿ ತಿರುಚಿಕೊಂಡು, ನೇರವಾಗಿ ಬರಬೇಕಾದ ಶಾಫ್ಟನ್ನು ಟೇಪರ್ (ಒಂದು ತುದಿಗೆ ಸಣ್ಣದಾಗುವಂತೆ) ಮಾಡತೊಡಗುತ್ತವೆ. ಇಂಥ ಹೊತ್ತಿನಲ್ಲಿ ಪ್ಲೇನರ್ ನಡೆಸಿದವನನ್ನೋ ಬೀಡಿನ ಗುಣವನ್ನೋ ದೂರುವುದು ರೂಢಿ. ಆದರೆ ಮೊದಲು ಪರೀಕ್ಷಿಸಬೇಕಾದುದು ಎರಕ ತಣಿಯುವಾಗಲೇ ಅದರೊಳಗೆ ಸಿಕ್ಕಿಕೊಂಡ ಬಿಗಿತವನ್ನು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಗಿ ಲೇಥ್ ತಯಾರಿಕೆ ಬೇರೂರಿದ ಈ ಸೀಮೆಯಲ್ಲಿ ಬೀಡಿನ ಕೆಲಸಕ್ಕೆ ಹೊಸ ಪರಿಚಯ ಬೇಕಿಲ್ಲ. ಆದರೂ ದಾವಣಗೆರೆ, ಹರಿಹರಗಳ ಸಣ್ಣ ವರ್ಕ್‌ಶಾಪ್ ಒಂದು ಸ್ವಂತವಾಗಿ ಡ್ರಿಲ್ಲಿಂಗ್ ಯಂತ್ರವನ್ನೋ ಸರ್ಫೇಸ್ ಗ್ರೈಂಡರನ್ನೋ ಕಟ್ಟಲು ಹೊರಟಾಗ, ಖರ್ಚು ಉಳಿಸುವ ನೆಪದಲ್ಲಿ ಮೊದಲು ಕೈಬಿಟ್ಟುಹೋಗುವುದು ಎರಕವನ್ನು ಕುಲುಮೆಯಲ್ಲಿ ನಿಧಾನವಾಗಿ ಕಾಯಿಸಿ, ತಣಿಸಿ ಆ ಬಿಗಿತ ಬಿಡಿಸುವ ಹಂತವೇ. ಆ ಉಳಿತಾಯ ಸಲ್ಲದು ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಬಿಗಿತ ಹುಟ್ಟುವ ಬಗೆ

ಬೆಡ್ಡಿನಲ್ಲಿ, ಮೇಲಿನ ಭಾಗಗಳು ಜಾರಿ ಸಾಗುವ ಹಳಿಯಂಥ ದಪ್ಪನೆಯ ಗೈಡ್‌ವೇ ಇರುತ್ತದೆ, ಅದರ ಕೆಳಗೆ ತೆಳುವಾದ ಗೋಡೆ ಮತ್ತು ರಿಬ್ಬುಗಳಿರುತ್ತವೆ. ಅಚ್ಚಿನಲ್ಲಿ ತೆಳುಭಾಗ ಬೇಗ ತಣಿದು ಕುಗ್ಗಿ ಗಟ್ಟಿಯಾಗುತ್ತದೆ. ಆ ಹೊತ್ತಿಗೆ ದಪ್ಪಭಾಗ ಇನ್ನೂ ಕೆಂಪಗೆ ಕಾದಿದ್ದು, ಎಳೆದತ್ತ ಬಗ್ಗುವಷ್ಟು ಮೆತ್ತಗಿರುತ್ತದೆ. ಮುಂದೆ ದಪ್ಪಭಾಗ ಕುಗ್ಗಲು ತೊಡಗಿದಾಗ, ಆಗಲೇ ಗಟ್ಟಿಯಾಗಿರುವ ತೆಳುಭಾಗ ಅದನ್ನು ತಡೆದು ನಿಲ್ಲಿಸುತ್ತದೆ. ಹೀಗೆ ದಪ್ಪಭಾಗ ಎಳೆತದಲ್ಲಿಯೂ ತೆಳುಭಾಗ ಒತ್ತಿನಲ್ಲಿಯೂ ಉಳಿದು, ಹಗ್ಗಜಗ್ಗಾಟದಲ್ಲಿ ಸಮಬಲದ ಎರಡು ತಂಡಗಳು ಅಲುಗದೆ ನಿಂತಂತೆ, ಎರಕವು ಹೊರಗಿನಿಂದ ನಿಶ್ಚಲವಾಗಿ ಕಾಣುತ್ತದೆ. ಪ್ಲೇನರಿನ ಟೂಲು ಎಳೆತದಲ್ಲಿರುವ ಮೇಲ್ಪದರವನ್ನು ಕಿತ್ತೊಡನೆ ಆ ಸಮತೋಲ ಕೆಡುತ್ತದೆ ಮತ್ತು ಉಳಿದ ಲೋಹ ಹೊಸ ಸಮತೋಲಕ್ಕಾಗಿ ಆಕಾರವನ್ನೇ ಬದಲಿಸಿಕೊಳ್ಳುತ್ತದೆ.

ಆದ್ದರಿಂದ ಕೆಲಸ ಆರಂಭವಾಗಬೇಕಾದುದು ಕುಲುಮೆಯಲ್ಲಲ್ಲ, ಪ್ಯಾಟರ್ನಿನಲ್ಲಿ, ಅಂದರೆ ಅಚ್ಚು ತೆಗೆಯುವ ಮಾದರಿಯಲ್ಲಿ. ದಪ್ಪದಿಂದ ತೆಳುವಿಗೆ ಇಳಿಯುವಲ್ಲಿ ಥಟ್ಟನೆ ಮೆಟ್ಟಿಲು ಬಾರದಂತೆ, ಒಳಮೂಲೆಗಳಲ್ಲಿ ಧಾರಾಳ ದುಂಡು ಇರುವಂತೆ ನೋಡಿಕೊಳ್ಳಬೇಕು. ಎರಕ ಹೊಯ್ದ ಮೇಲೆ ಅಚ್ಚನ್ನು ಒಡೆಯುವ ಆತುರ ಕೂಡದು. ದಪ್ಪಭಾಗವೂ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವವರೆಗೆ ಎರಕ ಮರಳಿನಲ್ಲೇ ಇರಲಿ. ದೊಡ್ಡ ಬೆಡ್ಡಿಗೆ ಇದು ಒಂದು ದಿನ ಮೀರಿದರೂ ಕಾಯಬೇಕು. ಸಂಜೆ ಫ್ಲಾಸ್ಕು (ಅಚ್ಚಿನ ಮರಳು ಹಿಡಿದಿಡುವ ಚೌಕಟ್ಟು) ಖಾಲಿಯಾಗಬೇಕೆಂದು ಕೆಂಪಗಿರುವ ಎರಕವನ್ನು ಹೊರತೆಗೆದು ನೆಲದ ಗಾಳಿಗೆ ಬಿಡುವುದು, ನೀರು ಚಿಮುಕಿಸುವುದು, ಇವೆರಡನ್ನೂ ಮಾಡಬಾರದೆಂದು ಫೌಂಡ್ರಿಯವರಿಗೆ ಆರ್ಡರ್ ಕೊಡುವಾಗಲೇ ಬರೆದು ತಿಳಿಸುವುದು ಒಳ್ಳೆಯದು.

ಕುಲುಮೆಗೆ ಮುನ್ನ

ಎರಕ ಬಂದ ಮೇಲೆ ರೈಸರ್, ಗೇಟುಗಳನ್ನು (ಲೋಹ ಹೊಯ್ಯುವ ದಾರಿಗಳಲ್ಲಿ ಗಟ್ಟಿಯಾಗಿ ಉಳಿದ ತುಂಡುಗಳನ್ನು) ಕತ್ತರಿಸಿ, ಮರಳು ತೆಗೆದು, ವೆಲ್ಡಿಂಗ್ ದುರಸ್ತಿ ಏನಾದರೂ ಬೇಕಿದ್ದರೆ ಈಗಲೇ ಮುಗಿಸಬೇಕು, ಏಕೆಂದರೆ ವೆಲ್ಡಿಂಗ್ ತಾನೇ ಹೊಸ ಬಿಗಿತವನ್ನು ತರುತ್ತದೆ. ಬಳಿಕ ಮುಖ್ಯ ಮೇಲ್ಮೈಗಳಲ್ಲಿ 2ರಿಂದ 3 ಮಿ.ಮೀ. ಲೋಹ ಉಳಿಸಿ ರಫ್ ಮಷೀನಿಂಗ್ ಮಾಡಬೇಕು. ಮೊದಲು ಕುಲುಮೆ, ಆಮೇಲೆ ಕತ್ತರಿಕೆ ಎನ್ನುವವರೂ ಇದ್ದಾರೆ. ಆದರೆ ರಫ್ ಕಟ್ಟಿನಲ್ಲಿಯೇ ಹೆಚ್ಚಿನ ಲೋಹ ಹೋಗುವುದರಿಂದ ಆ ಕತ್ತರಿಕೆಯ ಬಿಗಿತವೂ ಕುಲುಮೆಯಲ್ಲಿ ಬಿಡುತ್ತದೆ. ಒಳಗೆ ಗಾಳಿಗುಳ್ಳೆಗಳಿದ್ದರೆ ಕುಲುಮೆಯ ಬಾಡಿಗೆ ತೆರುವ ಮೊದಲೇ ಬಯಲಾಗುತ್ತವೆ. ಈ ಹಂತದಲ್ಲಿ ಬ್ರಿನೆಲ್ ಗಡಸುತನವನ್ನು (ಗುಂಡು ಒತ್ತಿದಾಗ ಬೀಳುವ ಗುಳಿಯಿಂದ ತಿಳಿಯುವ ಗಡಸುತನ) ಅಳೆದು ಬರೆದಿಟ್ಟುಕೊಳ್ಳಬೇಕು. ಎರಕಕ್ಕೆ ಒಂದು ಗುರುತು ಸಂಖ್ಯೆಯನ್ನು ಪಂಚ್ ಮಾಡುವುದನ್ನೂ ಮರೆಯಬಾರದು.

ಕುಲುಮೆಯಲ್ಲಿ

ಭಾರತೀಯ ಮಾನಕ 210ರಲ್ಲಿ ಎಫ್‌ಜಿ 220, ಎಫ್‌ಜಿ 260 ಎಂದು ಗುರುತಿಸಿರುವಂಥ, ಮಿಶ್ರಧಾತು ಸೇರಿಸದ ಬೂದು ಬೀಡಿಗೆ 510ರಿಂದ 565 ಡಿಗ್ರಿ ಸೆಲ್ಸಿಯಸ್ ಸರಿಯಾದ ವ್ಯಾಪ್ತಿ. ಅದಕ್ಕಿಂತ ತೀರ ಕೆಳಗೆ, ಉದಾಹರಣೆಗೆ 400 ಡಿಗ್ರಿಯಲ್ಲಿ ನಿಲ್ಲಿಸಿದರೆ, ಬಿಗಿತದ ಬಹುಭಾಗ ಹಾಗೆಯೇ ಉಳಿಯುತ್ತದೆ. 600 ಡಿಗ್ರಿ ದಾಟಿಸಿದರೆ ಬೀಡಿಗೆ ಗಡಸುತನ ಕೊಡುವ ಪರ್ಲೈಟ್ ಒಡೆಯತೊಡಗಿ ಗೈಡ್‌ವೇ ಮೆತ್ತಗಾಗುತ್ತದೆ. ಕ್ರೋಮಿಯಂ, ಮಾಲಿಬ್ಡಿನಂ ಮುಂತಾದವು ಸೇರಿದ ಬೀಡಿಗೆ ಮಾತ್ರ ಇನ್ನೂ ಹೆಚ್ಚಿನ ಶಾಖ ಬೇಕಾಗುತ್ತದೆ.

ಎರಕವನ್ನು ತಣ್ಣನೆಯ ಕುಲುಮೆಗೇ ಇಳಿಸಬೇಕು. ಬೋಗಿಯ (ಕುಲುಮೆಯೊಳಗೆ ತಳ್ಳುವ ಗಾಡಿಯ) ಮೇಲೆ ಸಮಮಟ್ಟದ ದಪ್ಪ ಆಧಾರಗಳನ್ನಿಟ್ಟು, ಬೆಡ್ಡಿನ ಬಲವಾದ ರಿಬ್ಬುಗಳ ಕೆಳಗೆ ಆ ಆಧಾರ ಸಂದಿಲ್ಲದೆ ಕೂರುವಂತೆ ಮಾಡಬೇಕು. ಕಾದ ಲೋಹ ತನ್ನ ತೂಕಕ್ಕೇ ಕೊಂಚ ಜಗ್ಗುವುದರಿಂದ ಒಂದರ ಮೇಲೊಂದು ಪೇರಿಸುವಂತಿಲ್ಲ. ಎಣ್ಣೆಯ ಅಥವಾ ಅನಿಲದ ಕುಲುಮೆಯಾದರೆ ಜ್ವಾಲೆ ನೇರವಾಗಿ ಎರಕಕ್ಕೆ ತಾಗದಂತೆ ಅಡ್ಡ ಇಟ್ಟಿಗೆ ಕಟ್ಟಿಸಬೇಕು. ಶಾಖ ಅಳೆಯುವ ಥರ್ಮೋಕಪಲ್ ಕುಲುಮೆಯ ಗೋಡೆಯಲ್ಲಿದ್ದರೆ ಸಾಲದು. ಎರಕದ ಅತಿ ದಪ್ಪ ಭಾಗಕ್ಕೊಂದು, ಅತಿ ತೆಳು ಭಾಗಕ್ಕೊಂದು ತಾಗಿಸಿರಬೇಕು. ಲೋಹದ ಬಣ್ಣ ನೋಡಿ ಶಾಖ ಹೇಳುವುದು ಈ ಕೆಲಸಕ್ಕೆ ಒಗ್ಗದು, ಏಕೆಂದರೆ 550 ಡಿಗ್ರಿಯ ಮಂಕು ಕೆಂಪು ಕತ್ತಲಲ್ಲದೆ ಬೇರೆಡೆ ಕಣ್ಣಿಗೆ ಬೀಳುವುದೇ ಕಷ್ಟ.

ಗಂಟೆಗೆ ಸುಮಾರು 50 ಡಿಗ್ರಿಯಂತೆ ಶಾಖ ಏರಿಸಿ, ಎರಡೂ ಥರ್ಮೋಕಪಲ್‌ಗಳು 550 ಮುಟ್ಟಿದ ಮೇಲೆಯೇ ಗಡಿಯಾರ ನೋಡಲು ತೊಡಗಬೇಕು. ಪ್ರತಿ 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ 40 ಮಿ.ಮೀ. ದಪ್ಪದ ಗೈಡ್‌ವೇಗೆ ಎರಡು ಗಂಟೆ ಸಾಕು.

ಕೆಲಸ ಕೆಡುವುದು ಇನ್ನು ಮುಂದೆ. ನಿಗದಿತ ಹೊತ್ತು ಮುಗಿಯಿತೆಂದು ಬಾಗಿಲು ತೆರೆದು ಬೋಗಿಯನ್ನು ಹೊರಗೆಳೆದರೆ, ಅಚ್ಚಿನಲ್ಲಿ ನಡೆದ ಕಥೆಯೇ ಮತ್ತೆ ನಡೆಯುತ್ತದೆ: ತೆಳುಭಾಗ ಮೊದಲು ತಣಿದು, ದಪ್ಪಭಾಗ ಹಿಂದೆ ಬಿದ್ದು, ಬಿಡಿಸಿದ ಬಿಗಿತ ಮರಳಿ ಸೇರುತ್ತದೆ. ಬಾಗಿಲು ಮುಚ್ಚಿಯೇ ಗಂಟೆಗೆ 40 ಡಿಗ್ರಿ ಮೀರದಂತೆ ಕನಿಷ್ಠ 300 ಡಿಗ್ರಿಯವರೆಗೆ, ರಿಬ್ಬುಗಳ ಜಟಿಲ ಎರಕವಾದರೆ 200 ಡಿಗ್ರಿಗಿಂತಲೂ ಕೆಳಗೆ ಇಳಿಯಲು ಬಿಡಬೇಕು. ಏರಿಕೆಗೆ ಹತ್ತು ಗಂಟೆ, ನಿಲುಗಡೆಗೆ ಎರಡು, ಇಳಿಕೆಗೆ ಒಂಬತ್ತು ಎಂದು ಕೂಡಿಸಿದರೆ ಹತ್ತಿರ ಹತ್ತಿರ ಒಂದು ಹಗಲು ಒಂದು ರಾತ್ರಿ ಕುಲುಮೆ ಕೈಬಿಡುವುದಿಲ್ಲ. ಬಾಡಿಗೆ ಕುಲುಮೆಯವರು ಆತುರಪಡುವುದು ಸಹಜವಾದ್ದರಿಂದ, ಶಾಖದ ಏರಿಳಿತ ದಾಖಲಾದ ಚಾರ್ಟನ್ನು ಎರಕದ ಗುರುತು ಸಂಖ್ಯೆಯೊಂದಿಗೆ ಕೇಳಿ ಪಡೆಯಬೇಕು. ಚಾರ್ಟಿನ ಇಳಿಜಾರು ಕಡಿದಾಗಿದ್ದರೆ ಹಣ ಕೊಡುವ ಮೊದಲು ಪ್ರಶ್ನಿಸಬೇಕು. ಗಡಸುತನವನ್ನು ಮತ್ತೊಮ್ಮೆ ಅಳೆದಾಗ ಅದು ಗಮನಾರ್ಹವಾಗಿ ಇಳಿದಿದ್ದರೆ ಶಾಖ ಮಿತಿಮೀರಿತ್ತೆಂದೇ ಅರ್ಥ.

ಬಿಗಿತ ನಿಜಕ್ಕೂ ಬಿಟ್ಟಿದೆಯೇ ಎಂದು ನೋಡಲು ಅಗ್ಗದ ವಿಧಾನವೊಂದಿದೆ. ನಡುವೆ ದಪ್ಪ ಸರಳು, ಅಕ್ಕಪಕ್ಕ ಎರಡು ತೆಳು ಸರಳು, ಎರಡೂ ತುದಿಯಲ್ಲಿ ದಪ್ಪ ಅಡ್ಡಪಟ್ಟಿ ಇರುವ ಚೌಕಟ್ಟುಗಳನ್ನು ಬೆಡ್ಡಿನ ಜೊತೆಗೆ ಅದೇ ಬೀಡಿನಲ್ಲಿ ಹೊಯ್ಸಿಕೊಳ್ಳಬೇಕು. ನಡುಸರಳಿನ ಮೇಲೆ ಎರಡು ಗೆರೆ ಕೊರೆದು, ನಡುವಣ ಅಂತರ ಅಳೆದು, ಗೆರೆಗಳ ಮಧ್ಯೆ ಗರಗಸದಿಂದ ಕತ್ತರಿಸಿದರೆ, ಎಳೆತದಲ್ಲಿದ್ದ ಸರಳು ಬಿಡುಗಡೆಯಾಗಿ ಗೆರೆಗಳು ದೂರ ಸರಿಯುತ್ತವೆ. ಒಂದನ್ನು ಹಾಗೆಯೇ, ಇನ್ನೊಂದನ್ನು ಬೆಡ್ಡಿನೊಂದಿಗೆ ಕುಲುಮೆಗಿಟ್ಟು ತೆಗೆದ ಮೇಲೆ ಕತ್ತರಿಸಿ ಹೋಲಿಸಿದಾಗ, ಎರಡನೆಯದರ ಸರಿತ ಮೊದಲನೆಯದರ ಕಾಲುಭಾಗದಷ್ಟೋ ಅದಕ್ಕಿಂತ ಕಡಿಮೆಯೋ ಇದ್ದರೆ ಕೆಲಸ ಚೆನ್ನಾಗಿ ನಡೆದಿದೆ.

ಬಿಸಿಲು, ಮಳೆ, ಕಂಪನ

ಎರಕವನ್ನು ವರ್ಷಗಟ್ಟಲೆ ಅಂಗಳದಲ್ಲಿ ಬಿಸಿಲು ಮಳೆಗೆ ಒಡ್ಡಿ ಪಳಗಿಸುವ ಹಳೆಯ ಪದ್ಧತಿಗೆ ಗೌರವ ಸಲ್ಲಬೇಕು; ಅದರಿಂದ ಎರಕದ ಆಕಾರ ಒಂದಿಷ್ಟು ಸ್ಥಿರಗೊಳ್ಳುತ್ತದೆ. ಆದರೆ ನಮ್ಮ ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಕಬ್ಬಿಣ ಕೈ ಸುಡುವಷ್ಟು ಕಾದರೂ ಅದು 550 ಡಿಗ್ರಿಗೆ ಎಲ್ಲಿಯೂ ಸಮವಲ್ಲ, ಬಿಡುವ ಬಿಗಿತ ಅಲ್ಪವೇ. ಕುಲುಮೆಗೆ ಹಿಡಿಯದ ದೊಡ್ಡ ಎರಕಗಳಿಗೆ ತಿರುಗುವಾಗ ಅದುರುವಂತೆ ತೂಕ ತಪ್ಪಿಸಿದ ಮೋಟರನ್ನು ಬಿಗಿದು, ಎರಕದ ಸ್ವಂತ ಆವರ್ತದ ಹತ್ತಿರ ಅಲುಗಿಸುವ ವಿಧಾನವೂ ಬಳಕೆಯಲ್ಲಿದೆ. ಅದರ ಫಲ ಆಕಾರದಿಂದ ಆಕಾರಕ್ಕೆ ಬದಲಾಗುವುದರಿಂದ, ನಿಖರ ಯಂತ್ರಕ್ಕೆ ಅದನ್ನೊಂದನ್ನೇ ನೆಚ್ಚುವಂತಿಲ್ಲ.

ಕೊನೆಯ ಕತ್ತರಿಕೆ

ಕುಲುಮೆಯಿಂದ ಬಂದ ಎರಕಕ್ಕೆ ಸೆಮಿ ಫಿನಿಷ್ ಕಟ್ಟು ಕೊಟ್ಟು, ಕ್ಲಾಂಪುಗಳನ್ನು ಪೂರ್ತಿ ಬಿಚ್ಚಿ, ಮತ್ತೆ ಹಗುರವಾಗಿ ಬಿಗಿದು ಫಿನಿಷ್ ಕಟ್ಟು ತೆಗೆಯಬೇಕು. ಅಳತೆಯನ್ನು ಶೆಡ್ಡಿನ ತಗಡು ಕಾಯುವ ಮೊದಲು, ಬೆಳಗಿನ ಹೊತ್ತಿನಲ್ಲಿ ಮಾಡುವುದು ಲೇಸು. ಬೀಡು ಕಬ್ಬಿಣ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಒಂದೂವರೆ ಮೀಟರ್ ಉದ್ದ, 300 ಮಿ.ಮೀ. ಎತ್ತರದ ಬೆಡ್ಡಿನ ಮೇಲ್ಭಾಗ ಕೆಳಭಾಗಕ್ಕಿಂತ ಎರಡೇ ಡಿಗ್ರಿ ಹೆಚ್ಚು ಕಾದರೂ ಅದು ನಡುವೆ ಸುಮಾರು 0.02 ಮಿ.ಮೀ. ಉಬ್ಬುತ್ತದೆ. ಮಧ್ಯಾಹ್ನ ಕಂಡ ಆ ಉಬ್ಬನ್ನು ಒಳಬಿಗಿತವೆಂದು ತಿಳಿದು ಕೆರೆದು ತೆಗೆದರೆ, ಮರುದಿನ ಬೆಳಿಗ್ಗೆ ಅಲ್ಲಿ ಹಳ್ಳವಿರುತ್ತದೆ. ಫಿನಿಷ್ ಕಟ್ಟಿನ ಅಳತೆಯನ್ನು ಬರೆದಿಟ್ಟು, ಒಂದೆರಡು ವಾರ ಬಿಟ್ಟು ಅದೇ ಹೊತ್ತಿನಲ್ಲಿ ಅದೇ ಆಧಾರಗಳ ಮೇಲಿಟ್ಟು ಮತ್ತೆ ಅಳೆಯಬೇಕು. ಎರಡೂ ಅಳತೆ ಹೊಂದಿದರೆ ಸ್ಕ್ರೇಪಿಂಗ್ (ಮೇಲ್ಮೈಯನ್ನು ಕೈಯಿಂದ ಕೆರೆದು ಮಟ್ಟಗೊಳಿಸುವುದು) ಆರಂಭಿಸಬಹುದು. ಹೊಂದದಿದ್ದರೆ ಇನ್ನೊಂದು ತೆಳುವಾದ ಕಟ್ಟು ಕೊಟ್ಟು, ಅಷ್ಟೇ ದಿನ ಮತ್ತೆ ಕಾಯಬೇಕು.