ಬಂಡೆಯಿಂದ ಬಾಚಿ, ಮಣ್ಣಿನಿಂದ ಮಡಕೆ: ಪಾಲಿನೇಷ್ಯಾದ ಹಳೆಯ ಕ್ರಮ

ಪೆಸಿಫಿಕ್ ಸಾಗರದ ನಡುವಿನ ಪಾಲಿನೇಷ್ಯಾದಲ್ಲಿ, ಅಂದರೆ ಟೋಂಗಾ, ಸಮೋವಾ, ಹವಾಯಿ, ಮಾರ್ಕೇಸಸ್‌ನಂಥ ದ್ವೀಪಗಳಲ್ಲಿ, ಯುರೋಪಿನ ಹಡಗುಗಳು ಬರುವ ತನಕ ಲೋಹ ಕರಗಿಸುವ ಕೆಲಸವೇ ಇರಲಿಲ್ಲ. ದೋಣಿಯ ಒಡಲು ತೋಡಿದ್ದೂ ಮನೆಯ ಕಂಬ ಕೆತ್ತಿದ್ದೂ ಕಲ್ಲಿನ ಬಾಚಿಯಲ್ಲೇ. ಬಡಗಿಯ ಬಾಚಿಯಂತೆ ಇದರ ಅಲಗೂ ಕಾವಿಗೆ ಅಡ್ಡವಾಗಿ ಕೂರುತ್ತದೆ. ಟೋಂಗಾ, ನ್ಯೂಜಿಲೆಂಡ್‌ಗಳಲ್ಲಿ ಇದಕ್ಕೆ ‘ತೊಕಿ’ ಎನ್ನುತ್ತಾರೆ.

ಇದನ್ನು ಮಾಡುತ್ತಿದ್ದ ಬಗೆ ಗೊತ್ತಾಗಿರುವುದು ಹೆಚ್ಚಾಗಿ ಕೆಟ್ಟ ಮಾಲಿನಿಂದ. ಚೆನ್ನಾಗಿ ಬಂದ ಬಾಚಿಗಳನ್ನು ಒಯ್ದುಬಿಡುತ್ತಿದ್ದರು. ಅರ್ಧಕ್ಕೆ ಮುರಿದವು, ಚಕ್ಕೆಗಳ ರಾಶಿ, ಸವೆದ ಗುಂಡುಕಲ್ಲು ಮಾತ್ರ ಕಲ್ಲು ತೆಗೆದ ಜಾಗದಲ್ಲೇ ಉಳಿದವು. ಯಾವ ಹಂತದಲ್ಲಿ ಕೈ ತಪ್ಪಿತು ಎಂಬುದನ್ನು ಅವು ನೇರವಾಗಿ ತೋರಿಸುತ್ತವೆ.

ಕಲ್ಲು

ಅರ್ಧ ಕೆಲಸ ಇಲ್ಲೇ ತೀರ್ಮಾನವಾಗುತ್ತದೆ. ಬೇಕಾದ್ದು ಕಣ ಸಣ್ಣದಿರುವ, ಗುಳ್ಳೆಗಳಿಲ್ಲದ ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕಪ್ಪು ಕಲ್ಲು. ಹವಾಯಿಯ ಮೌನಾ ಕೇಯಾ ಬೆಟ್ಟದಲ್ಲಿ 3,500 ಮೀಟರಿಗೂ ಮೇಲೆ, ರಾತ್ರಿ ನೀರು ಹೆಪ್ಪುಗಟ್ಟುವ ಜಾಗಕ್ಕೆ, ಜನ ಕಲ್ಲಿಗಾಗಿ ಹತ್ತಿ ಹೋಗುತ್ತಿದ್ದರು. ಅಲ್ಲಿ ಲಾವಾ ಹಿಮದ ಹಾಸಿಗೆ ತಾಗಿ ಬೇಗ ತಣಿದದ್ದರಿಂದ ಕಲ್ಲು ಬಹಳ ನಯವಾಗಿದೆ. ಸಮೋವಾ ದ್ವೀಪಸಮೂಹದ ಟುಟುಯಿಲಾದಲ್ಲಿರುವ ತತಗಾ ಮತಾವು, ಮಾರ್ಕೇಸಸ್‌ನ ಎಯಾವೊ ಇಂಥವೇ ಹೆಸರಾದ ನೆಲೆಗಳು.

ಕಲ್ಲನ್ನು ಇನ್ನೊಂದು ಕಲ್ಲಿನಿಂದ ತಟ್ಟಿ ನೋಡಿ. ಗಂಟೆಯಂತೆ ‘ಠಣ್’ ಎಂದರೆ ಸರಿ, ‘ದಬ್’ ಎಂದರೆ ಒಳಗೆ ಬಿರುಕಿದೆ. ನಮ್ಮಲ್ಲಿ ಪ್ರಯತ್ನಿಸುವವರಿಗೆ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ಬಸಾಲ್ಟ್ ಆಗುತ್ತದೆ, ಗುಳ್ಳೆ ಇದ್ದದ್ದನ್ನು ಬಿಡಬೇಕು ಅಷ್ಟೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಡಾಲರೈಟ್ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಆ ಬೆಟ್ಟದ ಕಲ್ಲನ್ನು ಮಾತ್ರ ಮುಟ್ಟಬೇಡಿ, ಅಲ್ಲಿನ ಒಂದೊಂದು ಚಕ್ಕೆಯೂ ಸಾಕ್ಷಿ.

ಚಕ್ಕೆ ಎಬ್ಬಿಸುವುದು

ಒಂದರಿಂದ ಎರಡು ಕಿಲೋ ತೂಗುವ ಗಟ್ಟಿ ಗುಂಡುಕಲ್ಲಿನಿಂದ ಬಂಡೆಯ ಅಂಚಿಗೆ ಹೊಡೆದು, ಅಂಗೈಗಿಂತ ದೊಡ್ಡ ದಪ್ಪ ಚಕ್ಕೆಯೊಂದನ್ನು ಬಿಡಿಸಿ. ಅದೇ ಮುಂದೆ ಬಾಚಿಯಾಗುವುದು. ಬಳಿಕ ಅರ್ಧ ಕಿಲೋಗಿಂತ ಹಗುರವಾದ ಕಲ್ಲು ಹಿಡಿದು ಸುತ್ತಲೂ ಸಣ್ಣ ಚಕ್ಕೆ ತೆಗೆಯುತ್ತ 15–20 ಸೆಂ.ಮೀ. ಉದ್ದದ ಅಚ್ಚಿಗೆ ತನ್ನಿ. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು ಇಲ್ಲದೆ ಕೂರಲೇಬೇಡಿ, ಹೊಸ ಚಕ್ಕೆಯ ಅಂಚು ಬ್ಲೇಡಿನಷ್ಟೇ ಹರಿತ.

ಗುಟ್ಟೆಲ್ಲ ಕೋನದಲ್ಲಿದೆ. ಏಟು ಬೀಳುವ ಮೇಲ್ಮೈಗೂ ಚಕ್ಕೆ ಏಳಬೇಕಾದ ಮುಖಕ್ಕೂ ನಡುವೆ 90 ಡಿಗ್ರಿಗಿಂತ ಕಡಿಮೆ, ಸುಮಾರು 70 ಇರಬೇಕು. 90 ದಾಟಿದರೆ ಎಷ್ಟು ಹೊಡೆದರೂ ಚಕ್ಕೆ ಏಳದು, ಅಂಚು ಪುಡಿಯಾಗುತ್ತದೆ. ಪೂರ್ವ ಪಾಲಿನೇಷ್ಯಾದ ಚೌಕ ಮೈಯ ಬಾಚಿಗಳು ಕಷ್ಟವಾಗುವುದು ಇದೇ ಕಾರಣಕ್ಕೆ: ನಾಲ್ಕೂ ಮೂಲೆಗಳು 90ರ ಆಸುಪಾಸಿನಲ್ಲೇ ಇರುತ್ತವೆ. ತ್ರಿಕೋನ ಮೈಯದು ಕಲಿಯುವವರಿಗೆ ಸುಲಭ.

ಕೆಡುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಏಟು ಅಳುಕಿದರೆ ಚಕ್ಕೆ ಪೂರ್ತಿ ಹರಿಯದೆ ನಡುವೆ ತುಂಡಾಗಿ ಮೆಟ್ಟಿಲು ಉಳಿಯುತ್ತದೆ. ಅದರ ಮೇಲೆ ಮತ್ತೆ ಹೊಡೆದರೆ ಮೆಟ್ಟಿಲು ಎತ್ತರವಾಗುತ್ತದೆಯೇ ಹೊರತು ಹೋಗುವುದಿಲ್ಲ. ಎದುರು ದಿಕ್ಕಿನಿಂದ ಚಕ್ಕೆ ತೆಗೆದು ಅದನ್ನು ಅಳಿಸಬೇಕು. ಎರಡನೆಯದು ಇನ್ನೂ ಕೆಟ್ಟದ್ದು: ತುದಿಗೆ ಬಿದ್ದ ಏಟಿನ ಕಂಪನದಿಂದ ಕಲ್ಲು ಸೊಂಟದಲ್ಲಿ ಎರಡು ತುಂಡಾಗುತ್ತದೆ. ಕಲ್ಲನ್ನು ತೊಡೆಯ ಮೇಲೆ ದಪ್ಪ ಚರ್ಮ ಹಾಸಿ ಪೂರ್ತಿ ಆನಿಸಿ ಹಿಡಿದರೆ ಈ ಅಪಾಯ ಬಹಳ ತಗ್ಗುತ್ತದೆ. ಹೀಗೆ ಅಡ್ಡಕ್ಕೆ ಮುರಿದ ತುಂಡುಗಳು ಹಳೆಯ ರಾಶಿಗಳಲ್ಲಿ ಧಾರಾಳ.

ಮಸೆಯುವುದು

ಉಬ್ಬುಗಳಿದ್ದರೆ ಗುಂಡುಕಲ್ಲಿನಿಂದ ಮೆಲ್ಲಗೆ ಕುಟ್ಟಿ ತಗ್ಗಿಸಿ. ಆಮೇಲೆ ಚಪ್ಪಟೆ ಕಲ್ಲಿನ ಮೇಲೆ ನೀರು ಹಾಕುತ್ತ ಮಸೆಯಿರಿ. ನೀರು ಬೇಕೇ ಬೇಕು: ನೀರಿಲ್ಲದೆ ಮಸೆದರೆ ಪುಡಿ ಸಂದಿಗಳಲ್ಲಿ ತುಂಬಿ ಕಲ್ಲು ಕಡಿಯುವುದಿಲ್ಲ, ಧೂಳು ಎದೆಗೂ ಹೋಗುತ್ತದೆ. ಇಳಿಜಾರು ಒಂದೇ ಕಡೆಗೆ ಬರಲಿ, ಅಂಚಿನ ಕೋನ 50 ಡಿಗ್ರಿ ಆಸುಪಾಸಿರಲಿ. ಅದಕ್ಕಿಂತ ತೆಳುವಾದರೆ ಗಟ್ಟಿ ಮರಕ್ಕೆ ಅಂಚು ಹಾರುತ್ತದೆ. ಅಲಗಿನ ತುದಿ ಮಸೆಯಲು ಕೆಲವು ಗಂಟೆ ಸಾಕು. ಇಡೀ ಮೈ ನುಣುಪಾಗಬೇಕೆಂದರೆ ದಿನಗಟ್ಟಲೆ ಹಿಡಿಯುತ್ತದೆ, ಆದರೆ ಮರಕ್ಕೆ ಅದರಿಂದ ಏನೂ ಲಾಭವಿಲ್ಲ.

ಕಾವು

ಸಹಜವಾಗಿ ಕವಲೊಡೆದ ಕೊಂಬೆಯೇ ಕಾವು. ಕವಲಿನ ಮೊಂಡು ಭಾಗವನ್ನು ಚಪ್ಪಟೆ ಮಾಡಿ, ನಡುವೆ ಎಲೆಯ ಅಥವಾ ಮರದ ತೊಗಟೆಯ ಬಟ್ಟೆಯ ಮೆತ್ತೆ ಇಟ್ಟು, ಅಲಗನ್ನು ತೆಂಗಿನ ನಾರಿನ ಹುರಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಕೊಳೆಹಾಕಿ, ಬಡಿದು, ತೊಡೆಯ ಮೇಲೆ ಹೊಸೆದು ಹೆಣೆದ ಹುರಿ ಬೇಕು; ಮೆತ್ತೆ ಇಲ್ಲದಿದ್ದರೆ ನಾಲ್ಕು ಏಟಿಗೇ ಅಲಗು ಜಾರುತ್ತದೆ. ಪೂರ್ವದ ದ್ವೀಪಗಳವರು ಕಟ್ಟಿಗೆ ಹಿಡಿತ ಸಿಗಲೆಂದು ಅಲಗಿನ ಹಿಂತುದಿಯನ್ನೇ ಕಿರಿದಾಗಿಸಿದರು. ಸಮೋವಾದ ಬಾಚಿಗಳಲ್ಲಿ ಸಾಮಾನ್ಯವಾಗಿ ಅದಿಲ್ಲ.

ಮಡಕೆ

ಸುಮಾರು 2,800 ವರ್ಷಗಳ ಹಿಂದೆ ಟೋಂಗಾ, ಸಮೋವಾಗಳಿಗೆ ಬಂದ ಮೊದಲಿಗರು ಲಾಪಿಟಾ ಮಡಕೆಯನ್ನೂ ತಂದರು. ನ್ಯೂ ಕ್ಯಾಲೆಡೋನಿಯಾದಲ್ಲಿ 1952ರಲ್ಲಿ ಉತ್ಖನನವಾದ ನೆಲೆಯ ಹೆಸರದು. ತಿಗರಿ ಇಲ್ಲ, ಗೂಡೂ ಇಲ್ಲ. ಜೇಡಿಮಣ್ಣಿಗೆ ಮರಳು ಬೆರೆಸಿ (ನಾಲ್ಕು ಪಾಲಿಗೆ ಒಂದರಂತೆ ಶುರು ಮಾಡಿ), ಕೈಯಲ್ಲೇ ರೂಪಿಸಿ, ಒಳಗೆ ಕಲ್ಲು ಆನಿಸಿ ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಗೋಡೆ ತೆಳುವಾಗಿಸಬೇಕು. ಮಣ್ಣು ಹಸಿಯಿರುವಾಗಲೇ ಹಲ್ಲುಳ್ಳ ಅಚ್ಚು ಒತ್ತಿ ಚಿತ್ತಾರ ಮೂಡಿಸುತ್ತಿದ್ದರು. ಒಣಗಿದ ಮೇಲೆ ಸೌದೆ ಒಟ್ಟಿ ಬಯಲಲ್ಲೇ ಸುಡುವುದು.

ಹವಳ, ಚಿಪ್ಪಿನ ಮರಳು ಬೆರೆಸಿದ್ದರೆ ಬೆಂಕಿಯ ಮೇಲೆ ನಿಗಾ ಇರಲಿ. ಸುಮಾರು 750 ಡಿಗ್ರಿ ದಾಟಿದರೆ ಅದು ಸುಣ್ಣವಾಗುತ್ತದೆ. ಮುಂದೆ ಗಾಳಿಯ ತೇವ ಹೀರಿ ಉಬ್ಬಿ ಮಡಕೆಯ ಮೈ ಉದುರಿಸುತ್ತದೆ. ಮಣ್ಣನ್ನು ಉಪ್ಪುನೀರಿನಲ್ಲಿ ಕಲಸಿದರೆ ಈ ಕಾಟ ಕಡಿಮೆ.

ಕಾಲಕ್ರಮದಲ್ಲಿ ಚಿತ್ತಾರ ಹೋಗಿ ಬೋಳು ಮಡಕೆ ಉಳಿಯಿತು, ಕೊನೆಗೆ ಅದೂ ನಿಂತಿತು. ಕಾದ ಕಲ್ಲಿನ ಗುಂಡಿಯಲ್ಲಿ ಅಡುಗೆ ಆಗುತ್ತಿದ್ದಾಗ, ಮರದ ಬಟ್ಟಲು, ತೆಂಗಿನ ಚಿಪ್ಪು ಇದ್ದಾಗ ಮಡಕೆಯ ಕೊರತೆ ಅಷ್ಟಾಗಿ ಕಾಡಿರಲಿಕ್ಕಿಲ್ಲ. ಪೂರ್ವದ ಮಾರ್ಕೇಸಸ್‌ನಲ್ಲಿ ಬೆರಳೆಣಿಕೆಯಷ್ಟು ಬೋಕಿಗಳು ಮಾತ್ರ ಸಿಕ್ಕಿವೆ. ಅವುಗಳಲ್ಲಿ ಕೆಲವನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ನೋಡಿದಾಗ ಒಳಗಿದ್ದ ಮರಳು ಫಿಜಿಯ ರೇವಾ ನದಿ ಮುಖಜ ಭೂಮಿಯದಕ್ಕೆ ಹೊಂದಿತು. ಬಾಚಿಯೂ ಹೀಗೆ ದೂರ ಸಾಗಿದ್ದುಂಟು: ಪೂರ್ವ ಪಾಲಿನೇಷ್ಯಾದ ಟುವಾಮೊಟು ದ್ವೀಪಗಳಲ್ಲಿ ಸಿಕ್ಕ ಒಂದರ ಕಲ್ಲು ಸುಮಾರು 4,000 ಕಿ.ಮೀ. ಆಚೆಯ ಹವಾಯಿಯದೆಂದು 2007ರಲ್ಲಿ ರಾಸಾಯನಿಕ ಪರೀಕ್ಷೆ ತೋರಿಸಿತು.