ವೈ-ಫೈ ಸೆಟ್ಟಿಂಗ್‌ನಲ್ಲಿ ಕಾಣುವ ಪದಗಳು

ಮೂಡಿಗೆರೆ, ಕೊಪ್ಪ ಕಡೆಯ ತೋಟದ ಮನೆಯವರಿಂದ ಗುಂಪಿನಲ್ಲಿ ಒಂದೇ ದೂರು: ಜಗಲಿಯಲ್ಲಿ ವೈ-ಫೈ ಸಿಗುತ್ತದೆ, ಅಡುಗೆಮನೆಯಲ್ಲಿ ಇಲ್ಲ. ಕಂಪನಿಯವರನ್ನು ಬಯ್ಯುವ ಮೊದಲು ಇದನ್ನು ನೋಡಿ.

ಫೋನಿನಲ್ಲಿ ನಿಮ್ಮ ರೂಟರ್‌ನದೇ (ಮನೆಯಲ್ಲಿ ವೈ-ಫೈ ಹರಡುವ ಪೆಟ್ಟಿಗೆ) ಎರಡು ಹೆಸರು ಕಾಣಬಹುದು, ಒಂದರ ಬಾಲದಲ್ಲಿ 5ಜಿ. ಮೊಬೈಲ್‌ನ 5ಜಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು 5 ಗಿಗಾಹರ್ಟ್ಸ್ ಬ್ಯಾಂಡ್, ಅಂದರೆ ವೈ-ಫೈ ಬಳಸುವ ರೇಡಿಯೋ ತರಂಗಗಳ ಒಂದು ಶ್ರೇಣಿ. ವೇಗ ಜಾಸ್ತಿ, ಆದರೆ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಇನ್ನೊಂದು 2.4 ಗಿಗಾಹರ್ಟ್ಸ್. ವೇಗ ಕಡಿಮೆ, ಆದರೆ ದೂರ ಹೋಗುತ್ತದೆ. ನಮ್ಮ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಗಳ ಆಚೆಗೆ 2.4 ಬ್ಯಾಂಡೇ ಗತಿ. ರೂಟರ್ ಪಕ್ಕದ ಟಿವಿಗೆ 5 ಇರಲಿ. ಮೈಕ್ರೋವೇವ್ ಓವನ್ ಚಾಲೂ ಇದ್ದಾಗ 2.4 ತಡವರಿಸುವುದುಂಟು. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಬಚ್ಚಿಡುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ.

ಎಕ್ಸ್‌ಟೆಂಡರ್ (ರೂಟರ್‌ನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಸಾಧನ) ಕೊಂಡವರು ಅದನ್ನು ಸಿಗ್ನಲ್ ಸಿಗದ ಕೋಣೆಯಲ್ಲೇ ಇಡುತ್ತಾರೆ. ತನಗೇ ಸಿಗದ ಸಿಗ್ನಲನ್ನು ಅದು ಮುಂದಕ್ಕೆ ಹೇಗೆ ದಾಟಿಸೀತು? ರೂಟರ್‌ಗೂ ಆ ಕೋಣೆಗೂ ನಡುವೆ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವಲ್ಲಿ ಇಡಿ.

ಪ್ಲಾನ್‌ನಲ್ಲಿ 40 ಎಂಬಿಪಿಎಸ್ ಎಂದಿದ್ದರೆ ಅದು ಮೆಗಾಬಿಟ್ ಲೆಕ್ಕ. 8 ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್ ಇಳಿಯುತ್ತದೆ. 40ರ ಬದಲು 5 ಕಂಡರೆ ಅದರಲ್ಲಿ ಮೋಸವಿಲ್ಲ.

ಎಸ್‌ಎಸ್‌ಐಡಿ ಎಂದರೆ ವೈ-ಫೈ ಹೆಸರು, ಅಷ್ಟೇ. ಭದ್ರತೆಯ ಪಟ್ಟಿಯಲ್ಲಿ, ಅಂದರೆ ವೈ-ಫೈಗೆ ಬೀಗ ಹಾಕುವ ವಿಧಾನಗಳಲ್ಲಿ, ಡಬ್ಲ್ಯುಪಿಎ3 ಇದ್ದರೆ ಅದನ್ನೇ ಆರಿಸಿ. ಹಳೆಯ ಫೋನ್ ಜೋಡಣೆಯಾಗದಿದ್ದರೆ ಡಬ್ಲ್ಯುಪಿಎ2 ಸಾಕು. ಡಬ್ಲ್ಯುಇಪಿ ಬೇಡವೇ ಬೇಡ, ಅದನ್ನು ಸುಲಭವಾಗಿ ಭೇದಿಸಬಹುದು. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಗೆಸ್ಟ್ ನೆಟ್‌ವರ್ಕ್ (ಅದೇ ರೂಟರ್‌ನಲ್ಲಿ ಬೇರೆ ಹೆಸರಿನ ವೈ-ಫೈ) ಮಾಡಿಕೊಡಿ, ಮನೆಯ ಪಾಸ್‌ವರ್ಡ್ ಕೊಡಬೇಡಿ.